ಪೇಟೆ ಬೀದಿಯ ಹೊಸ ವಿನ್ಯಾಸವನ್ನು ಮಿಕ್ಸೆಡ್ ರಿಯಾಲಿಟಿಯಲ್ಲಿ ತೋರಿಸಬೇಕು: ಮಾದರಿ ಜಾಗಕ್ಕೆ ಕೂರುತ್ತಿಲ್ಲ, ಕನ್ನಡ ಅಕ್ಷರ ಒಡೆಯುತ್ತಿದೆ

ಪೇಟೆಬೀದಿ (ಹುಬ್ಬಳ್ಳಿ)

ದುರ್ಗದ ಬೈಲ್ ಸುತ್ತಿನ ಒಂದು ಪೇಟೆ ಬೀದಿಗೆ ಮೂರು ಬಗೆಯ ಮರುವಿನ್ಯಾಸ ಸಿದ್ಧವಾಗಿದೆ. ಬೀದಿಯ ಉದ್ದ 320 ಮೀಟರ್, ಅಂಗಡಿ ಮೆಟ್ಟಿಲಿನಿಂದ ಎದುರು ಮೆಟ್ಟಿಲಿಗೆ ಅಗಲ ಸುಮಾರು 10 ಮೀಟರ್. ಕಾಗದದ ನಕ್ಷೆ ಹಾಸಿದರೆ ಅಂಗಡಿಕಾರರಿಗೆ ತಮ್ಮ ಅಂಗಡಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅಡ್ಡಸೀಳಿಕೆಯ ಚಿತ್ರವಂತೂ ಯಾರ ತಲೆಗೂ ಹತ್ತುವುದಿಲ್ಲ. ಅದಕ್ಕೇ ಜನರನ್ನು ಅದೇ ಬೀದಿಯಲ್ಲಿ ನಿಲ್ಲಿಸಿ, ಈಗಿರುವ ರಸ್ತೆಯ ಮೇಲೇ ಹೊಸ ಫುಟ್‌ಪಾತು, ತಳ್ಳುಗಾಡಿ ಜಾಗ, ಗಿಡ, ಬೈಕ್ ಪಾರ್ಕಿಂಗ್ ಟ್ಯಾಬ್ ಇಲ್ಲವೇ ಹೆಡ್‌ಸೆಟ್‌ನ ಪರದೆಯಲ್ಲಿ ಕಾಣುವಂತೆ ಮಾಡಬೇಕೆಂದಿದೆ. ಮಿಕ್ಸೆಡ್ ರಿಯಾಲಿಟಿ (ಎಂಆರ್) ಎಂದದ್ದು ಇದನ್ನೇ.

ತೊಡಕು ಇವು. ಫೋನಿನ ಜಿಪಿಎಸ್ ನಂಬಿ ಬೀದಿಯ 3ಡಿ ಮಾದರಿ ಇಟ್ಟರೆ ಫುಟ್‌ಪಾತು ಎದುರಿನ ಅಂಗಡಿಯೊಳಗೆ ಹೋಗಿ ಕೂರುತ್ತದೆ. ಎರಡು ಹೆಜ್ಜೆ ನಡೆದರೆ ಇಡೀ ಮಾದರಿ ನಡುಗುತ್ತದೆ. ಯೂನಿಟಿಯಲ್ಲಿ (ಮಾದರಿಯನ್ನು ಪರದೆಗೆ ತರುವ ತಂತ್ರಾಂಶ) ಕನ್ನಡ ಫಲಕ ಹಾಕಿದರೆ ‘ರಸ್ತೆ’ ಎಂಬುದು ‘ರಸ್‌ತೆ’ ಆಗುತ್ತದೆ, ಒತ್ತು ಕೆಳಗೆ ಇಳಿಯುವುದೇ ಇಲ್ಲ. ಕೈಯಲ್ಲಿರುವುದು ಒಂದೂವರೆ ಲಕ್ಷ ರೂಪಾಯಿ. ಹೆಡ್‌ಸೆಟ್ ಕೊಳ್ಳಬೇಕೋ, ಟ್ಯಾಬ್ ಸಾಕೋ? ಜನ ಹೇಳಿದ್ದು ಪಾಲಿಕೆಯ ಕಡತದೊಳಗೆ ಹೋಗಬೇಕಾದರೆ ಅದನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದನ್ನೂ ತಿಳಿದವರು ಹೇಳಿ.

ಸರಪಳಿ (ಧಾರವಾಡ)

ನಡುಕದ ಕಾರಣ ಮೊದಲು ಹೇಳುತ್ತೇನೆ, ಅದು ಜಿಪಿಎಸ್‌ನ ತಪ್ಪಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿರುವ ಯುಟಿಎಂ ಸಂಖ್ಯೆಗಳನ್ನು (ಭೂಮಿಯನ್ನು ವಲಯಗಳಾಗಿ ಹಂಚಿ, ಒಂದು ಜಾಗದ ಪೂರ್ವ-ಉತ್ತರದ ಅಳತೆಯನ್ನು ಮೀಟರಿನಲ್ಲಿ ಹೇಳುವವು) ಇದ್ದಂತೆಯೇ ಎತ್ತಿ ಯೂನಿಟಿಗೆ ಹಾಕಿದಾಗ ಹೀಗಾಗುತ್ತದೆ. ಹುಬ್ಬಳ್ಳಿ-ಧಾರವಾಡ ಯುಟಿಎಂ 43 ಉತ್ತರ ವಲಯದಲ್ಲಿದೆ, ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643. ಹುಬ್ಬಳ್ಳಿಯಲ್ಲಿ ಉತ್ತರದ ಸಂಖ್ಯೆ ಸುಮಾರು 16,98,000 ಮೀಟರ್ ಬರುತ್ತದೆ. ಯೂನಿಟಿ ಪ್ರತಿ ಬಿಂದುವನ್ನೂ 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಮಿತವಾದ ಅಂಕಿಗಳನ್ನಷ್ಟೇ ಹಿಡಿಯುವ ಸಂಖ್ಯಾರೂಪದಲ್ಲಿ ಇಡುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಹತ್ತಿರ ಆ ಫ್ಲೋಟ್ ಇಡಬಲ್ಲ ಅತಿ ಸಣ್ಣ ಹೆಜ್ಜೆ 12.5 ಸೆಂಟಿಮೀಟರ್. ಹಾಗಾಗಿ ಕ್ಯಾಮೆರಾ ಮಿಸುಕಿದಾಗಲೆಲ್ಲ ಅಂಚುಗಳು 12.5 ಸೆಂ.ಮೀ. ಜಿಗಿಯುತ್ತವೆ. ಫುಟ್‌ಪಾತಿನ ಅಂಚುಕಲ್ಲಿನ ಎತ್ತರವೇ 15 ಸೆಂ.ಮೀ. ಇರುವಾಗ ಇದು ಕಣ್ಣಿಗೆ ರಾಚದೆ ಇರುತ್ತದೆಯೇ?

ಪರಿಹಾರ ಸುಲಭ. ಬೀದಿಯ ನಡುಭಾಗದಲ್ಲಿ ಅಲುಗದ ಒಂದು ಗುರುತನ್ನು ಶೂನ್ಯ ಮಾಡಿ. ಅದರ ಪೂರ್ವ ಮತ್ತು ಉತ್ತರದ ಸಂಖ್ಯೆಗಳನ್ನು ಉಳಿದೆಲ್ಲ ಬಿಂದುಗಳಿಂದ ಕಳೆಯಿರಿ. ಕಳೆದ ಆ ಎರಡು ಸಂಖ್ಯೆಗಳನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಅವು ಕಳೆದುಹೋದರೆ ಜನ ಬೆರಳಿಟ್ಟು ತೋರಿಸಿದ ಜಾಗಗಳನ್ನು ಮತ್ತೆ ನಕ್ಷೆಗೆ ತರಲು ದಾರಿಯೇ ಇರುವುದಿಲ್ಲ. ಇಲ್ಲಿ ನಮಗೊಂದು ಅನುಕೂಲವಿದೆ. 43ನೇ ವಲಯದ ಮಧ್ಯರೇಖೆ 75 ಡಿಗ್ರಿ, ಹುಬ್ಬಳ್ಳಿ ಇರುವುದು ಸುಮಾರು 75.1ರಲ್ಲಿ. ನಕ್ಷೆಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ 0.03 ಡಿಗ್ರಿಯಷ್ಟೇ ಅಂತರ, ಅದನ್ನು ಬಿಟ್ಟುಬಿಡಬಹುದು.

ಇನ್ನೊಂದು ಎಚ್ಚರ. ಮಾದರಿ ಕಟ್ಟುವ ಬ್ಲೆಂಡರ್ ತಂತ್ರಾಂಶದಲ್ಲಿ ಝಡ್ ಅಕ್ಷ ಮೇಲಕ್ಕೆ, ಯೂನಿಟಿಯಲ್ಲಿ ವೈ ಅಕ್ಷ ಮೇಲಕ್ಕೆ, ಸಾಲದ್ದಕ್ಕೆ ಯೂನಿಟಿಯದು ಎಡಗೈ ಪದ್ಧತಿ. ರಫ್ತು ಮಾಡುವಾಗ ತಪ್ಪಿದರೆ ಬೀದಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತದೆ. ನೇರ ಬೀದಿಯಲ್ಲಿ ಇದು ಬೇಗ ಗೊತ್ತಾಗುವುದಿಲ್ಲ, ಗಟಾರ ಎಡಕ್ಕಿದ್ದದ್ದು ಬಲಕ್ಕೆ ಬಂದಾಗಲೇ ತಿಳಿಯುವುದು. ಮಾದರಿಯ ಒಂದು ತುದಿಯಲ್ಲಿ ಅಕ್ಷರವಿರುವ ಒಂದು ಫಲಕ ನಿಲ್ಲಿಸಿ. ಅಕ್ಷರ ತಿರುಗಿ ಕಂಡರೆ ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಜಾಗಕ್ಕೆ ಕೂರಿಸುವ ವಿಷಯ. ಫೋನಿನ ಜಿಪಿಎಸ್ ತೆರೆದ ಬಯಲಲ್ಲೇ 3ರಿಂದ 5 ಮೀಟರ್ ಆಚೀಚೆ ಹೇಳುತ್ತದೆ. ಎರಡೂ ಕಡೆ ಮಾಳಿಗೆ ಕಟ್ಟಡಗಳಿರುವ ಬೀದಿಯಲ್ಲಿ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಇನ್ನಷ್ಟು ಕೆಡುತ್ತದೆ. 10 ಮೀಟರ್ ಬೀದಿಗೆ 5 ಮೀಟರ್ ತಪ್ಪು ಎಂದರೆ ಅರ್ಧ ಬೀದಿಯೇ ಹೋಯಿತು. ದಿಕ್ಸೂಚಿ ಇನ್ನೂ ಮೋಸ. ಕಬ್ಬಿಣದ ಶಟರ್, ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ನಿಂತ ಟಂಟಂ, ಎಲ್ಲವೂ ಮುಳ್ಳನ್ನು ಎಳೆಯುತ್ತವೆ. 5 ಡಿಗ್ರಿ ತಪ್ಪಿದರೂ 30 ಮೀಟರ್ ದೂರದಲ್ಲಿ ಮಾದರಿ 2.6 ಮೀಟರ್ ಪಕ್ಕಕ್ಕೆ ಸರಿಯುತ್ತದೆ.

ಎಆರ್‌ಕೋರ್ ಎಂಬುದು ಕ್ಯಾಮೆರಾ ನೋಟದ ಮೇಲೆ ಮಾದರಿ ಕೂರಿಸುವುದಕ್ಕೆ (ಎಆರ್) ಇರುವ ಗೂಗಲ್‌ನ ತಂತ್ರಾಂಶ, ಅದರ ಜಿಯೋಸ್ಪೇಷಿಯಲ್ ಸೌಲಭ್ಯ 2022ರಿಂದ ಇದೆ. ಅದು ಗೂಗಲ್ ಕಾರು ಬೀದಿಗಳಲ್ಲಿ ತೆಗೆದ ಸ್ಟ್ರೀಟ್ ವ್ಯೂ ಚಿತ್ರಗಳನ್ನು ಕ್ಯಾಮೆರಾ ನೋಟದ ಜೊತೆ ಹೋಲಿಸಿ ಜಾಗ ಹಿಡಿಯುತ್ತದೆ. ಚಿತ್ರ ತೆಗೆಯುವ ಕಾರು ಹೋಗದ ಒಳಬೀದಿಯಲ್ಲಿ ಅದು ಕೆಲಸ ಮಾಡುವುದಿಲ್ಲ, ಸುಮ್ಮನೆ ಜಿಪಿಎಸ್‌ಗೆ ಮರಳಿಬಿಡುತ್ತದೆ. ಬೀದಿಯ ಎರಡು ತುದಿಯಲ್ಲೂ ನಡುವೆಯೂ ನಿಂತು ಲಭ್ಯತೆ ಪರೀಕ್ಷಿಸಿ, ಅದು ಕೊಡುವ ನಿಖರತೆಯ ಅಂಕಿಯನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಇಡಿ. ಅಂಕಿ 1 ಮೀಟರ್ ದಾಟಿದರೆ ಮಾದರಿ ಮರೆಯಾಗುವಂತೆ ಮಾಡಿ. ತಪ್ಪು ಜಾಗದಲ್ಲಿ ತೋರಿಸುವುದಕ್ಕಿಂತ ತೋರಿಸದಿರುವುದು ಒಳ್ಳೆಯದು, ಏಕೆಂದರೆ ತನ್ನ ಅಂಗಡಿ ಮೆಟ್ಟಿಲ ಮೇಲೆ ರಸ್ತೆ ಬಂದದ್ದನ್ನು ಒಮ್ಮೆ ಕಂಡವರಿಗೆ ಆಮೇಲೆ ಎಷ್ಟು ಹೇಳಿದರೂ ನಂಬಿಕೆ ಬರುವುದಿಲ್ಲ. ಈ ಸೌಲಭ್ಯದಲ್ಲಿ ಎತ್ತರದ ಬಲೆಯೂ ಒಂದಿದೆ. ಅದು ಕೇಳುವುದು ಎಲಿಪ್ಸಾಯಿಡ್ ಎತ್ತರ, ಅಂದರೆ ಲೆಕ್ಕಕ್ಕೆ ಇಟ್ಟುಕೊಂಡ ಭೂಮಿಯ ನುಣುಪು ಆಕಾರದಿಂದ ಎತ್ತರ. ನಮ್ಮ ಸರ್ವೆ ಹಾಳೆಯಲ್ಲಿರುವುದು ಸಮುದ್ರಮಟ್ಟದಿಂದ ಎತ್ತರ. ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸವಿದೆ, ಸಮುದ್ರಮಟ್ಟದ ಸಂಖ್ಯೆ ಕೊಟ್ಟರೆ ಫುಟ್‌ಪಾತು ಆಕಾಶಕ್ಕೆ ಏರುತ್ತದೆ.

ನಿಮ್ಮ ಬೀದಿಗೆ ನಾನು ಹೇಳುವುದು ಮುದ್ರಿತ ಗುರುತುಫಲಕಗಳ ದಾರಿ, ಅಂದರೆ ಅಳೆದ ಜಾಗದಲ್ಲಿಟ್ಟ ಚಿತ್ರವನ್ನು ಕ್ಯಾಮೆರಾ ಗುರುತು ಹಿಡಿದು ತಾನೆಲ್ಲಿದೆ ಎಂದು ತಿಳಿಯುವುದು. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ) ಒಂದು ದಿನದ ಬಾಡಿಗೆಗೆ ತಂದು ಅಂಗಡಿ ಮೆಟ್ಟಿಲ ಅಂಚು, ಗಟಾರದ ಫರಶಿ ಅಂಚು, ಕಂಬದ ಬುಡ, ಚೇಂಬರ್ ಮುಚ್ಚಳದ ಮೂಲೆ ಎಲ್ಲ ಹಿಡಿಯಿರಿ. ಅದೇ ದಿನ ಗುರುತುಫಲಕಗಳ ಜಾಗವನ್ನೂ ಅಳೆದುಬಿಡಿ. ಫಲಕ ಎ3 ಅಳತೆಯಲ್ಲಿ, ಹೊಳಪಿಲ್ಲದ ಕಾಗದದಲ್ಲಿ, 5 ಮಿ.ಮೀ. ಗಟ್ಟಿ ಹಲಗೆಯ ಮೇಲೆ ಇರಲಿ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಲು ಬಿದ್ದರೆ ಕ್ಯಾಮೆರಾಗೆ ಬಿಳಿ ಕಲೆ ಬಿಟ್ಟು ಬೇರೇನೂ ಕಾಣದು. ಎಆರ್‌ಕೋರ್‌ಗೆ ಮೊದಲ ಸಲ ಹಿಡಿಯಲು ಚಿತ್ರ ಕ್ಯಾಮೆರಾ ನೋಟದ ಕಾಲು ಭಾಗವಾದರೂ ತುಂಬಬೇಕು. ಚಿತ್ರಕ್ಕೆ ಎಆರ್‌ಕೋರ್‌ನ ಪರೀಕ್ಷಾ ಸಲಕರಣೆಯಲ್ಲಿ ಕನಿಷ್ಠ 75 ಅಂಕ ಬರಬೇಕು. ಸಾಲುಸಾಲಾಗಿ ಒಂದೇ ಥರ ಬರುವ ರಂಗೋಲಿ ಚಿತ್ರಗಳಿಗೆ ಅಂಕ ಬರುವುದಿಲ್ಲ, ಇಳಕಲ್ ಸೀರೆಯ ಸೆರಗಿನಂಥ ಮರುಕಳಿಸುವ ವಿನ್ಯಾಸಕ್ಕೂ ಅಷ್ಟೇ. ಒಂದಕ್ಕೊಂದು ಹೋಲದ ಆಕಾರಗಳು ಒತ್ತೊತ್ತಾಗಿರುವ ಚಿತ್ರ ಬೇಕು.

ಒಂದೇ ಫಲಕದಿಂದ ದಿಕ್ಕು ಹಿಡಿಯಬೇಡಿ. ಫಲಕದ ಓರೆ 1 ಡಿಗ್ರಿ ತಪ್ಪಿ ಓದಿದರೆ 30 ಮೀಟರ್ ಆಚೆ 52 ಸೆಂ.ಮೀ. ತಪ್ಪುತ್ತದೆ. ಎರಡು ಫಲಕಗಳ ಜಾಗ ಮಾತ್ರ ತೆಗೆದುಕೊಂಡು, ಅವುಗಳ ನಡುವಿನ ಗೆರೆಯಿಂದ ದಿಕ್ಕು ಲೆಕ್ಕ ಹಾಕಿ. ಎರಡರ ನಡುವೆ 20 ಮೀಟರ್ ಇದ್ದು ಒಂದರಲ್ಲಿ 2 ಸೆಂ.ಮೀ. ತಪ್ಪಿದರೂ 50 ಮೀಟರ್ ಆಚೆ 5 ಸೆಂ.ಮೀ. ಅಷ್ಟೇ. ಅದೇ ಫಲಕಗಳನ್ನು 2 ಮೀಟರ್ ಅಂತರದಲ್ಲಿಟ್ಟರೆ ಅದು ಅರ್ಧ ಮೀಟರ್ ಆಗುತ್ತದೆ. ನಡೆಯುತ್ತ ಹೋದಂತೆ ಫೋನಿನ ಅಂದಾಜು ಜಾರುತ್ತ ಹೋಗುವುದರಿಂದ 20 ಮೀಟರಿಗೊಂದು ಫಲಕ ಬೇಕು. 320 ಮೀಟರಿಗೆ ಎರಡು ತುದಿ ಸೇರಿ 17 ಆಯಿತು, ಮೂರು ಹೆಚ್ಚಿಗೆ ಮಾಡಿಸಿಡಿ.

ಡ್ರೋನ್ ಹಾರಿಸಿ ಮಾದರಿ ಮಾಡುವ ಯೋಚನೆ ಇದ್ದರೆ ಎಲ್ಲಿ ಹಾರಿಸಬಹುದೆಂದು ಹೇಳುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೊದಲು ನೋಡಿ. 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಸುತ್ತ 12 ಕಿ.ಮೀ.ವರೆಗೂ ನಿರ್ಬಂಧಗಳಿವೆ, ಹತ್ತಿರ ಹೋದಷ್ಟೂ ಬಿಗಿ. ನಮ್ಮ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇದೆ, ಅದನ್ನು ಮರೆಯಬೇಡಿ. ಅಲ್ಲದೆ ಪೇಟೆ ಬೀದಿಯಲ್ಲಿ ಮೇಲಿಂದ ತೆಗೆದರೆ ತಗಡಿನ ಚಪ್ಪರ, ತಾಡಪತ್ರಿ, ವೈರು ಬಿಟ್ಟು ಕೆಳಗಿನ ಫರಶಿ ಕಾಣುವುದಿಲ್ಲ. ನೆಲದಿಂದಲೇ ಅಳೆಯುವುದು ಸರಿ.

ಮಗ್ಗದಗುಂಡಿ (ಬೆಟಗೇರಿ-ಗದಗ)

ಸರಪಳಿಯವರು ಜಾಗದ ಮಾತು ಮುಗಿಸಿದ್ದಾರೆ, ನಾನು ಸಾಧನ ಮತ್ತು ಅಕ್ಷರದ ಮಾತು ಹೇಳುತ್ತೇನೆ.

ಕನ್ನಡ ಒಡೆಯುವುದು ಫಾಂಟಿನ ತಪ್ಪಲ್ಲ, ಎಷ್ಟು ಫಾಂಟ್ ಬದಲಿಸಿದರೂ ಸರಿಯಾಗದು. ಯೂನಿಟಿಯಲ್ಲಿ ಅಕ್ಷರ ಬಿಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಒಂದೊಂದು ಅಕ್ಷರಸಂಕೇತವನ್ನೂ ಬಿಡಿಬಿಡಿಯಾಗಿ ಜೋಡಿಸುತ್ತದೆ. ಸ, ವಿರಾಮ, ತ, ಎತ್ವ ಸೇರಿ ‘ಸ್ತೆ’ ಆಗಬೇಕೆಂಬ ಜೋಡಣೆಯ ನಿಯಮ ಅದಕ್ಕಿಲ್ಲ. ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ನಿಮಗೆ ಮೂರು ದಾರಿ. ಬದಲಾಗದ ಫಲಕಗಳಿದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಬರೆದು, ಅಕ್ಷರವನ್ನು ಗೆರೆಗಳಾಗಿ ಬದಲಿಸಿ ಎಸ್‌ವಿಜಿ ಫೈಲ್ ಮಾಡಿ ಬ್ಲೆಂಡರ್‌ಗೆ ತನ್ನಿ. ಇಲ್ಲವೆಂದರೆ ಪಿಎನ್‌ಜಿ ಚಿತ್ರ ಮಾಡಿ ಫಲಕಕ್ಕೆ ಅಂಟಿಸಿ. ಬದಲಾಗುವ ಪಠ್ಯ ಬೇಕಿದ್ದರೆ ಯೂನಿಟಿ ಬಿಟ್ಟು ಅದೇ ಬಗೆಯ ಗೋಡೋ 4 ತಂತ್ರಾಂಶ ಬಳಸಿ, ಅದರಲ್ಲಿ ಹಾರ್ಫ್‌ಬಜ್ ಸೇರಿಕೊಂಡೇ ಬಂದಿದೆ. ಒತ್ತು, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಮೂರನೆಯದು ಬ್ರೌಸರ್‌ನ ವೆಬ್‌ಎಕ್ಸ್‌ಆರ್, ಅಂದರೆ ಜಾಲಪುಟದಲ್ಲೇ ಮಾದರಿ ತೋರಿಸುವ ಸೌಲಭ್ಯ. ಪರದೆಯ ಮೇಲಿನ ಪಠ್ಯವನ್ನು ಬ್ರೌಸರೇ ಜೋಡಿಸುತ್ತದೆ. ವಿವರಣೆಯ ಪಠ್ಯ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ‘ರ್’ ಬರುವ ಪದಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಿ. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಸಾಧನ: ಬೀದಿಗೆ ಟ್ಯಾಬ್, ಕೋಣೆಯೊಳಗೆ ಹೆಡ್‌ಸೆಟ್. ಅದಲುಬದಲು ಮಾಡಬೇಡಿ. ಮೆಟಾ ಕಂಪನಿಯ ಹೆಡ್‌ಸೆಟ್ ಕ್ವೆಸ್ಟ್ 3 ಕೋಣೆಯೊಳಗಿನ ಬಳಕೆಗೆ ಮಾಡಿದ್ದು. ಬಿಸಿಲು ನೇರ ಮಸೂರದೊಳಗೆ ಬಿದ್ದರೆ, ಭೂತಗನ್ನಡಿ ಕಾಗದ ಸುಟ್ಟ ಹಾಗೆ, ಒಳಗಿನ ಪರದೆ ಸುಟ್ಟು ಶಾಶ್ವತ ಕಲೆ ನಿಲ್ಲುತ್ತದೆ. ಬಿರುಬಿಸಿಲಲ್ಲಿ ಅದರ ಕ್ಯಾಮೆರಾಗಳೂ ದಾರಿ ತಪ್ಪುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಚಾರ ಇರುವ ಬೀದಿಯಲ್ಲಿ ಕಣ್ಣು ಮುಚ್ಚುವಂಥದ್ದನ್ನು ಯಾರ ತಲೆಗೂ ಹಾಕಲೇಬಾರದು. ಮೈಕ್ರೋಸಾಫ್ಟ್‌ನ ಹೆಡ್‌ಸೆಟ್ ಹೋಲೋಲೆನ್ಸ್ 2 ಕಡಿಮೆ ಬೆಲೆಗೆ ಸಿಕ್ಕರೂ ಬೇಡ. 2024ರಲ್ಲಿ ತಯಾರಿಕೆ ನಿಂತಿದೆ, ಭದ್ರತಾ ಅಪ್‌ಡೇಟ್ 2027ರ ಕೊನೆಯವರೆಗೆ ಮಾತ್ರ.

ಟ್ಯಾಬ್ ಕೊಳ್ಳುವ ಮೊದಲು ಎಆರ್‌ಕೋರ್ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಆ ಮಾದರಿಯ ಪೂರ್ತಿ ಸಂಖ್ಯೆ ಹುಡುಕಿ. ಅಗ್ಗದ ಟ್ಯಾಬುಗಳಲ್ಲಿ ಹಲವಕ್ಕೆ ಜೈರೊಸ್ಕೋಪ್ (ತಿರುಗುವುದನ್ನು ಅಳೆಯುವ ಭಾಗ) ಇರುವುದಿಲ್ಲ, ಅವು ಎಆರ್‌ಗೆ ಕೆಲಸಕ್ಕೆ ಬಾರವು. ಎರಡು ಟ್ಯಾಬ್, ಎರಡು ಪವರ್ ಬ್ಯಾಂಕ್, ಒಂದು ದೊಡ್ಡ ಕಪ್ಪು ಕೊಡೆ. ಕೊಡೆ ಪರದೆ ಕಾಣಲಿ ಎಂದಷ್ಟೇ ಅಲ್ಲ. ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷಕ್ಕೇ ಟ್ಯಾಬ್ ಕಾದು ಪರದೆಯ ಬೆಳಕನ್ನೂ ಕ್ಯಾಮೆರಾ ವೇಗವನ್ನೂ ತಾನೇ ತಗ್ಗಿಸಿಕೊಳ್ಳುತ್ತದೆ, ಆಗ ಮಾದರಿ ಮತ್ತೆ ಜಾರತೊಡಗುತ್ತದೆ.

ಮಾದರಿ ಹಗುರವಾಗಿರಲಿ. ಟ್ಯಾಬಿಗೆ ಮಾದರಿಯ ಮೈ ಕಟ್ಟುವ ತ್ರಿಕೋನ ಒಂದು ಲಕ್ಷ, ಮೈಗೆ ಅಂಟಿಸುವ ಚಿತ್ರ (ಟೆಕ್ಸ್ಚರ್) 2048 ಪಿಕ್ಸೆಲ್ ಅಳತೆಯ ನಾಲ್ಕು, ಎಲ್ಲ ಸೇರಿದ ಜಿಎಲ್‌ಬಿ ಎಂಬ ಮಾದರಿ ಫೈಲ್ 10 ಎಂಬಿ ಒಳಗೆ. ಸೆಕೆಂಡಿಗೆ 5 ಮೆಗಾಬಿಟ್ ಸಿಗುವಲ್ಲಿ 10 ಎಂಬಿ ಇಳಿಯಲು 16 ಸೆಕೆಂಡ್ ಬೇಕು, ನಿಂತ ಮನುಷ್ಯ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ತ್ರಿಕೋನಗಳನ್ನು ತಿನ್ನುವುದು ಯಾವಾಗಲೂ ಗಿಡಗಳೇ. ಎಲೆಎಲೆಯಾಗಿ ಮಾಡಿದ ಒಂದೇ ಹೊಂಗೆ ಗಿಡ ನಿಮ್ಮ ಇಡೀ ಬೀದಿಗಿಂತ ಭಾರವಾಗಬಹುದು. ಅಡ್ಡ ಹಾಯ್ದ ಎರಡು ಚಿತ್ರಫಲಕಗಳಿಂದ ಗಿಡ ಮಾಡಿ, ಸಾಕು.

ಇನ್ನು ಮರೆಯಾಗುವಿಕೆ, ಅಂದರೆ ಮುಂದಿನ ವಸ್ತು ಹಿಂದಿನದನ್ನು ಮುಚ್ಚುವುದು. ಇದನ್ನು ಮಾಡದಿದ್ದರೆ ಹಿಂದಿರಬೇಕಾದ ಗಿಡ ಮುಂದಿನ ಅಂಗಡಿಯ ಗೋಡೆ ಮೇಲೆ ಬಂದು ಕೂರುತ್ತದೆ, ಕಣ್ಣು ಅದನ್ನು ಒಪ್ಪುವುದಿಲ್ಲ. ಫೋನಿನ ಆಳ ಅಳೆಯುವ ಸೌಲಭ್ಯ ಚೆನ್ನಾಗಿ ಕೆಲಸ ಮಾಡುವುದು ಅರ್ಧ ಮೀಟರಿನಿಂದ 5 ಮೀಟರ್‌ವರೆಗೆ. ಬೀದಿಗೆ ಅದು ಸಾಲದು. ಈಗಿರುವ ಕಟ್ಟಡಗಳನ್ನು ಸರ್ವೆಯ ಅಳತೆಯಂತೆ ಖಾಲಿ ಪೆಟ್ಟಿಗೆಗಳಾಗಿ ಕಟ್ಟಿ, ಬಣ್ಣ ಕಾಣದೆ ಆಳ ಮಾತ್ರ ಬರೆಯುವ ಮೆಟೀರಿಯಲ್ ಕೊಡಿ. ಆಗ ಹಿಂದಿನದು ಹಿಂದೆಯೇ ಉಳಿಯುತ್ತದೆ. ಓಡಾಡುವ ಜನ, ಬೈಕುಗಳಿಗೆ ಇದರಿಂದ ಪರಿಹಾರವಿಲ್ಲ. ಅಷ್ಟು ಕೊರತೆ ಸಹಿಸಬೇಕು.

ನೆರಳನ್ನು ಊರಿನ ಸೂರ್ಯನಿಂದ ಲೆಕ್ಕ ಹಾಕಿ, ತಂತ್ರಾಂಶದ ಮಾಮೂಲಿ ಬೆಳಕಿನಿಂದಲ್ಲ. ಹುಬ್ಬಳ್ಳಿಯ ಅಕ್ಷಾಂಶ 15.36. ಡಿಸೆಂಬರ್ 21ರ ನಡುಹಗಲು 10 ಮೀಟರ್ ಎತ್ತರದ ಗೋಡೆಯ ನೆರಳು ಉತ್ತರಕ್ಕೆ 8 ಮೀಟರ್ ಚಾಚುತ್ತದೆ. ಜೂನ್ 21ಕ್ಕೆ ಅದೇ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಬರೀ 1.4 ಮೀಟರ್. ನಮ್ಮಲ್ಲಿ ನಡುಹಗಲೆಂದರೆ ಗಡಿಯಾರದ 12 ಅಲ್ಲ, ಸುಮಾರು 12:30, ನಾವು 82.5 ಡಿಗ್ರಿ ರೇಖೆಯಿಂದ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ. ಕಾಯಿಪಲ್ಲೆ ಮಾರುವವರಿಗೆ ಗಿಡದ ನೆರಳು ಯಾವ ಹೊತ್ತಿಗೆ ಯಾರ ಗಾಡಿ ಮೇಲೆ ಬೀಳುತ್ತದೆ ಎನ್ನುವುದು ಬಣ್ಣದ ಟೈಲ್ಸಿಗಿಂತ ದೊಡ್ಡ ವಿಷಯ. ಇದನ್ನು ಎಂಆರ್‌ನಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲಾರದು, ಬಿಡಬೇಡಿ.

ಏಲಕ್ಕಿಹಾರ (ಹಾವೇರಿ)

ಮಾದರಿ ಸೆಂಟಿಮೀಟರಿಗೆ ಸರಿ ಕೂತರೂ ಕೇಳುವ ಪ್ರಶ್ನೆ ತಪ್ಪಿದರೆ ಎಲ್ಲ ನೀರುಪಾಲಾಗುತ್ತದೆ ನೋಡ್ರಿ. ಹೊಸ ವಸ್ತು ತೋರಿಸಿ ‘ಚಂದ ಐತೇನ್ರಿ?’ ಅಂತ ಕೇಳಿದರೆ ನಮ್ಮ ಮಂದಿ ‘ಹೂಂನ್ರಿ, ಭಾಳ ಚಂದ ಐತಿ’ ಅಂತಾರೆ. ಅದು ಮನೆಗೆ ಬಂದವರಿಗೆ ಹೇಳುವ ಮಾತು, ಅಭಿಪ್ರಾಯ ಅಲ್ಲ. ಕೆಲಸ ಮಾಡಿ ತೋರಿಸಿ ಅಂತ ಕೇಳಿ: ‘ನಿಮ್ಮ ಅಂಗಡಿಗೆ ಮಾಲು ಇಳಿಸೋ ಗಾಡಿ ಎಲ್ಲಿ ನಿಲ್ಲತೈತಿ, ಬೆರಳಿಟ್ಟು ತೋರಸ್ರಿ’. ‘ಮಳಿ ನೀರು ಈಗ ಎಲ್ಲಿ ನಿಲ್ಲತೈತಿ? ಈ ಹೊಸದರಾಗ ಎಲ್ಲಿ ಹೋಗತೈತಿ?’ ಹೀಗೆ ಕೇಳಿದಾಗ ಬರುವ ಉತ್ತರದಲ್ಲಿ ಎಂಜಿನಿಯರ್‌ಗೆ ಕೆಲಸಕ್ಕೆ ಬರುವ ಮಾಹಿತಿ ಇರುತ್ತದೆ.

ನಿಮ್ಮ ಬೀದಿಯನ್ನೇ ಲೆಕ್ಕ ಹಾಕೋಣ. ಪಾದಚಾರಿಗಳ ಸೌಲಭ್ಯಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಕೊಟ್ಟ ಮಾರ್ಗಸೂಚಿ ಐಆರ್‌ಸಿ 103ರ ಪ್ರಕಾರ ಫುಟ್‌ಪಾತಿನ ತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಚುಕಲ್ಲಿನ ಎತ್ತರ 15 ಸೆಂ.ಮೀ. ಮೀರಬಾರದು. ಎರಡೂ ಬದಿಗೆ 1.8 ಕೊಟ್ಟರೆ 3.6 ಹೋಯಿತು, ಉಳಿದದ್ದು 6.4. ಒಂದು ಬದಿ ಬೈಕ್ ಪಾರ್ಕಿಂಗ್‌ಗೆ 2 ಮೀಟರ್, ಉಳಿದದ್ದು 4.4. ಈಗ ಇನ್ನೊಂದು ಬದಿಗೆ 1 ಮೀಟರ್ ಅಗಲದ ತಳ್ಳುಗಾಡಿ ನಿಲ್ಲಿಸಿ, ಅದರ ಮುಂದೆ ಕೊಳ್ಳುವವರು ನಿಲ್ಲಲು 75 ಸೆಂ.ಮೀ. ಬಿಡಿ: 2.65 ಮೀಟರ್. ಅಗ್ನಿಶಾಮಕ ಗಾಡಿಯ ಮೈ ಅಗಲ ಸುಮಾರು 2.5. ಎರಡು ಬದಿಗೆ ಏಳೂವರೆ ಸೆಂ.ಮೀ. ಅಷ್ಟೇ ಉಳಿಯಿತು, ಕನ್ನಡಿಗೇ ಅದು ಸಾಲದು. ಕಾಗದದ ಮೇಲೆ ಈ 4.4 ಮೀಟರ್ ಖಾಲಿಯಾಗಿ ಚಂದ ಕಾಣುತ್ತದೆ, ಏಕೆಂದರೆ ಅಲ್ಲಿ ಗಾಡಿಯೂ ಇಲ್ಲ, ಚೌಕಾಸಿ ಮಾಡುತ್ತ ನಿಂತ ಗಿರಾಕಿಯೂ ಇಲ್ಲ. ಅದಕ್ಕೇ ಮಾದರಿಯಲ್ಲಿ ನಿಂತ ಬೈಕು, ಗಾಡಿ, ಗಿರಾಕಿ, ಕಸದ ಬುಟ್ಟಿ, ಬಿಡಾಡಿ ದನ ಎಲ್ಲವನ್ನೂ ಇಡಿ. ಗಿಡವನ್ನು ನೆಟ್ಟ ವರ್ಷದ ಗಾತ್ರದಲ್ಲೂ ಹತ್ತನೇ ವರ್ಷದ ಗಾತ್ರದಲ್ಲೂ ತೋರಿಸಿ. ಬೆಳೆದ ಗಿಡ ಮಾತ್ರ ತೋರಿಸುವುದು ಜನರಿಗೆ ಹತ್ತು ವರ್ಷ ಮುಂಚಿತವಾಗಿ ನೆರಳು ಕೊಟ್ಟಂತೆ, ಅದು ಸುಳ್ಳಾಗುತ್ತದೆ.

ನೋಡುವುದರ ಜೊತೆಗೆ ಸರಿಸಲೂ ಬರಬೇಕು. ವಿಶ್ವಸಂಸ್ಥೆಯ ಯುಎನ್ ಹ್ಯಾಬಿಟಾಟ್ ಮತ್ತು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಮಾಡಿದ ಮೊಯಾಂಗ್ ಕಂಪನಿ 2012ರಲ್ಲಿ ಶುರು ಮಾಡಿದ ಬ್ಲಾಕ್ ಬೈ ಬ್ಲಾಕ್ ಕಾರ್ಯಕ್ರಮದ ತಿರುಳೇ ಅದು: ಜನರೇ ಮೈನ್‌ಕ್ರಾಫ್ಟ್‌ನಲ್ಲಿ ತಮ್ಮ ಜಾಗವನ್ನು ಕಟ್ಟಿ ತೋರಿಸುತ್ತಾರೆ. ನಿಮ್ಮಲ್ಲಿ ಗಾಡಿ, ಗಿಡ, ಬೆಂಚು, ದೀಪದ ಕಂಬ ಈ ನಾಲ್ಕನ್ನು ಬೆರಳಿನಿಂದ ಎಳೆಯುವಂತೆ ಮಾಡಿದರೆ ಸಾಕು. ಅವರು ಬಿಟ್ಟ ಜಾಗದ ಸಂಖ್ಯೆ ದಾಖಲಾಗಲಿ. ಟೈಪ್ ಮಾಡಲು ಹೇಳಬೇಡಿ, ಧ್ವನಿ ಹಿಡಿಯಿರಿ. ಆಮೇಲೆ ನಿಮ್ಮವರೇ ಕೂತು ಬರೆದುಕೊಳ್ಳಲಿ. ‘ಸಂದ್ಯಾಗ’, ‘ಮಗ್ಗಲಕ’ ಎಂಬ ಮಾತನ್ನು ಯಂತ್ರ ಸರಿಯಾಗಿ ಹಿಡಿಯುತ್ತದೆಂದು ಬಿಟ್ಟುಬಿಡಬೇಡಿ.

ಮೂರು ಆಯ್ಕೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ತೋರಿಸಿ, ‘ಈಗಿರುವಂತೆಯೇ ಇರಲಿ’ ಎಂಬುದು ನಾಲ್ಕನೆಯ ಆಯ್ಕೆಯಾಗಿ ಇರಲೇಬೇಕು. ಪರದೆಯ ಮೇಲೆ ಸದಾ ‘ಇದು ಪ್ರಸ್ತಾವ ಮಾತ್ರ, ಮಂಜೂರಾಗಿಲ್ಲ’ ಎಂದು ದಪ್ಪಕ್ಷರದಲ್ಲಿರಲಿ. ಕಣ್ಣಾರೆ ಕಂಡದ್ದನ್ನು ಜನ ಆಗಿಹೋದದ್ದೆಂದೇ ತಿಳಿಯುತ್ತಾರೆ, ಸಂಜೆಯೊಳಗೆ ‘ಅಂಗಡಿ ಒಡಿತಾರಂತ’ ಎಂಬ ಮಾತು ಪೇಟೆ ತುಂಬ ಹಬ್ಬುತ್ತದೆ. ಆದ್ಯತೆ ಕೇಳಲು ಒಬ್ಬೊಬ್ಬರ ಕೈಗೆ ಹತ್ತು ಹುಣಸೆಬೀಜ ಕೊಟ್ಟು ನೆರಳು, ಪಾರ್ಕಿಂಗ್, ನಡೆಯುವ ಜಾಗ, ಗಾಡಿ ಜಾಗ ಎಂಬ ನಾಲ್ಕು ಡಬ್ಬಿಗೆ ಹಂಚಿ ಹಾಕಲು ಹೇಳಿ. ಓದಲು ಬಾರದವರಿಗೂ ಇದು ಬರುತ್ತದೆ, ಎಣಿಸುವುದೂ ಸುಲಭ.

ಸಮಯದ ಲೆಕ್ಕ: ಹೆಡ್‌ಸೆಟ್ ಹಾಕಿ ಸರಿಪಡಿಸಲು ಒಂದೂವರೆ ನಿಮಿಷ, ನೋಡಲು ಮೂರು, ಮಾತಿಗೆ ಒಂದೂವರೆ, ಅಂದರೆ ಗಂಟೆಗೆ ಹತ್ತು ಮಂದಿ. ಟ್ಯಾಬಿನ ಮುಂದೆ ಒಮ್ಮೆಗೆ ಮೂವರು ನಿಲ್ಲಬಹುದು, ಗಂಟೆಗೆ ನಲವತ್ತು ಮಂದಿ ಸಾಧ್ಯ. ಬೀದಿಬದಿ ವ್ಯಾಪಾರಿಗಳಿಗೆ ಬೆಳಿಗ್ಗೆಯೂ ಸಂಜೆಯೂ ಪುರಸೊತ್ತಿಲ್ಲ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ನಡುವೆ ಅವರ ಗಾಡಿಯ ಹತ್ತಿರಕ್ಕೇ ನೀವು ಹೋಗಬೇಕು. ಕುಳಿತು ನೋಡಲು ಒಂದು ಕುರ್ಚಿ ಒಯ್ಯಿರಿ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರ ಸುಮಾರು 1.2 ಮೀಟರ್, ಅಲ್ಲಿಂದ ನೋಡಿದರೆ ನಿಂತ ಬೈಕುಗಳ ಸಾಲು ಗೋಡೆಯಾಗಿ ಕಾಣುತ್ತದೆ, ರಸ್ತೆ ದಾಟುವ ಜಾಗವೇ ಕಾಣುವುದಿಲ್ಲ. ಎಂಜಿನಿಯರ್‌ಗಳನ್ನು ಮೊದಲು ಆ ಕುರ್ಚಿಯಲ್ಲಿ ಕೂರಿಸಿ.

ಕಡತದ ಮಾತು. ಎಂಆರ್ ನೋಡಿ ಹೇಳಿದ್ದು ಕಾನೂನಿನ ಲೆಕ್ಕದಲ್ಲಿ ಆಕ್ಷೇಪಣೆ ಆಗುವುದಿಲ್ಲ, ಕಾಗದ ಬೇಕು. ಮಾಸ್ಟರ್ ಪ್ಲಾನ್ ಮಟ್ಟದ್ದಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂನಂತೆ ಪ್ರಕಟಣೆಯಿಂದ 60 ದಿನದೊಳಗೆ ಸಲಹೆ-ಆಕ್ಷೇಪಣೆ ಕೊಡಬೇಕು. ಒಂದು ಬೀದಿಯ ಕಾಮಗಾರಿಗೆ ವಾರ್ಡ್ ಸಮಿತಿಯೇ ಸರಿಯಾದ ಜಾಗ. ಸಂವಿಧಾನದ 243ಎಸ್ ವಿಧಿ ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ಜನಸಂಖ್ಯೆಯ ಊರುಗಳಿಗೆ ವಾರ್ಡ್ ಸಮಿತಿ ಹೇಳಿದೆ. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡ ಒಂಬತ್ತು ಲಕ್ಷ ದಾಟಿತ್ತು, ಗದಗ-ಬೆಟಗೇರಿ ಎರಡು ಲಕ್ಷ ಮುಟ್ಟಿರಲಿಲ್ಲ. ಹಾಗಾಗಿ ಗದಗಿನಲ್ಲಿ ಇದೇ ಕೆಲಸ ಮಾಡುವವರು ನೇರ ನಗರಸಭೆಗೆ ಹೋಗಬೇಕು. ಗಾಡಿಗಳ ಜಾಗ ಬದಲಾಗುವುದಾದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪಟ್ಟಣ ವ್ಯಾಪಾರ ಸಮಿತಿಯನ್ನು ದಾಟಿ ಹೋಗುವಂತಿಲ್ಲ. ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಅವರಿಗೆ ಎಲ್ಲರಿಗಿಂತ ಮೊದಲು ತೋರಿಸಿ.

ಕೊಡುವ ರೂಪ ಹೀಗಿರಲಿ: ಎ3 ನಕ್ಷೆಯ ಮೇಲೆ ಜನ ತೋರಿಸಿದ ಜಾಗಗಳಿಗೆ ಸಂಖ್ಯೆ, ಪಕ್ಕದ ಹಾಳೆಯಲ್ಲಿ ಆ ಸಂಖ್ಯೆಗೆ ಅವರು ಆಡಿದ ಮಾತು ಅವರದೇ ಭಾಷೆಯಲ್ಲಿ, ಕೆಳಗೆ ನೋಡಿದವರ ಒಟ್ಟು ಎಣಿಕೆ, ಯಾವ ದಿನ ಯಾವ ಹೊತ್ತು. ಹೆಸರು, ಮೊಬೈಲ್ ನಂಬರ್ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅಂಗಡಿಕಾರ, ಗಾಡಿಯವರು, ನಿವಾಸಿ, ದಾರಿಹೋಕ ಎಂಬ ವಿಂಗಡಣೆ ಸಾಕು. ಸಹಿ ಹಾಕಲು ಒಪ್ಪುವವರ ಮನವಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿ. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಪೆನ್ ಡ್ರೈವ್ ಒಂದನ್ನೇ ಕೊಟ್ಟರೆ ಅದು ಡ್ರಾಯರ್ ಸೇರುತ್ತದೆ.

ಪೇಟೆಬೀದಿ (ಹುಬ್ಬಳ್ಳಿ)

ಮೂವರಿಗೂ ಶರಣು. ಶೂನ್ಯಬಿಂದು ಬದಲಿಸಿದ ಕೂಡಲೇ ನಡುಕ ನಿಂತಿತು. ಎರಡು ಸಂದೇಹ ಉಳಿದಿವೆ. ಅಂಗಡಿಕಾರರಲ್ಲಿ ಹಲವರ ಬಳಿ ಐಫೋನ್ ಇದೆ, ಅವರದೇ ಫೋನಿನಲ್ಲಿ ತೋರಿಸಲು ಬರುತ್ತದೆಯೇ? ಫಲಕಗಳನ್ನು ಕೂರಿಸಿದ ಮೇಲೆ ಮಾದರಿ ನಿಜವಾಗಿಯೂ ಸರಿ ಕೂತಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಮಗ್ಗದಗುಂಡಿ (ಬೆಟಗೇರಿ-ಗದಗ)

ಐಫೋನಿನ ಸಫಾರಿಯಲ್ಲಿ ವೆಬ್‌ಎಕ್ಸ್‌ಆರ್‌ನ ಎಆರ್ ನಡೆಯುವುದಿಲ್ಲ. ಅದಕ್ಕೆ ಅದೇ ಮಾದರಿಯನ್ನು ಯುಎಸ್‌ಡಿಜೆಡ್ (ಐಫೋನ್ ಓದುವ ಮಾದರಿ ಫೈಲ್) ರೂಪದಲ್ಲೂ ಇಟ್ಟು, ಜಾಲಪುಟದಲ್ಲಿ ಮಾದರಿ ತೋರಿಸುವ ಗೂಗಲ್‌ನ ಮಾಡೆಲ್-ವ್ಯೂವರ್ ಘಟಕದಲ್ಲಿ ಎರಡೂ ಫೈಲಿನ ವಿಳಾಸ ಕೊಡಿ. ಆಂಡ್ರಾಯ್ಡ್‌ಗೆ ಜಿಎಲ್‌ಬಿ, ಐಫೋನಿಗೆ ಯುಎಸ್‌ಡಿಜೆಡ್ ತಾನೇ ಹೋಗುತ್ತದೆ. ಆದರೆ ಇದರಲ್ಲಿ ಬೀದಿಯ ಜಾಗಕ್ಕೆ ಕೂರಿಸಲು ಬರುವುದಿಲ್ಲ. ಮೇಜಿನ ಮೇಲೆ 1:200ರ ಪುಟ್ಟ ಮಾದರಿಯಾಗಿ ನೋಡಲಷ್ಟೇ ಬಳಸಿ. 320 ಮೀಟರ್ ಬೀದಿ 1.6 ಮೀಟರ್ ಆಗುತ್ತದೆ, ಅಂಗಡಿಯ ಕಟ್ಟೆ ಮೇಲೆ ಹಿಡಿಸುತ್ತದೆ. ಅಳತೆ ಹಿಗ್ಗಿಸಿ ಕುಗ್ಗಿಸುವ ಸೌಲಭ್ಯವನ್ನು ಮುಚ್ಚಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಅಗಲ ನೋಡಿ ಜಗಳಕ್ಕೆ ನಿಲ್ಲುತ್ತಾರೆ.

ಸರಪಳಿ (ಧಾರವಾಡ)

ಖಾತ್ರಿಗೆ ಸುಣ್ಣದ ಪುಡಿಯೇ ಸಾಕು. ಟೋಟಲ್ ಸ್ಟೇಷನ್ ಇರುವ ದಿನವೇ, ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಹೊಸ ಫುಟ್‌ಪಾತಿನ ಅಂಚು ಎಲ್ಲಿ ಬರಬೇಕೋ ಅಲ್ಲಿ ಪ್ರತಿ 20 ಮೀಟರಿಗೆ ಒಂದು ಮೊಳೆ ಹೊಡೆದು, ದಾರ ಕಟ್ಟಿ, ದಾರದ ಗುಂಟ ಸುಣ್ಣದ ಗೆರೆ ಎಳೆಯಿರಿ. ಆಟದ ಮೈದಾನಕ್ಕೆ ಗೆರೆ ಹಾಕುವ ಅದೇ ಪುಡಿ, ಗೆರೆ ನಾಲ್ಕು ಬೆರಳು ಅಗಲವಿರಲಿ. ಈಗ ಟ್ಯಾಬ್ ಹಿಡಿದು ಪ್ರತಿ ಫಲಕದ ಹತ್ತಿರವೂ, ಎರಡು ಫಲಕಗಳ ನಡುವೆಯೂ ನಿಂತು ನೋಡಿ. ಮಾದರಿಯ ಅಂಚು ಸುಣ್ಣದ ಗೆರೆಯ ಮೇಲೇ ಕೂರಬೇಕು. ಫಲಕದ ಹತ್ತಿರ 10 ಸೆಂ.ಮೀ.ಗಿಂತ ಹೆಚ್ಚು ಸರಿದಿದ್ದರೆ ಫಲಕವನ್ನು ಮತ್ತೆ ಅಳೆಯಬೇಕು. ಫಲಕದ ಹತ್ತಿರ ಸರಿಯಿದ್ದು ನಡುವೆ ಜಾರಿದ್ದರೆ ಅಲ್ಲೊಂದು ಹೆಚ್ಚಿನ ಫಲಕ ಬೇಕು, ಮೂರು ಹೆಚ್ಚಿಗೆ ಮಾಡಿಸಲು ಹೇಳಿದ್ದು ಇದಕ್ಕೇ. ಎಲ್ಲ ಕಡೆಯೂ ಒಂದೇ ಬದಿಗೆ ಒಂದೇ ಅಳತೆ ಸರಿದಿದ್ದರೆ ಶೂನ್ಯಬಿಂದು ಕಳೆಯುವಾಗ ಸಂಖ್ಯೆ ತಪ್ಪಿದೆ, ಫಲಕ ಮುಟ್ಟಬೇಡಿ.

ಟ್ಯಾಬ್ ನೋಡಲು ಒಪ್ಪದ ಹಿರಿಯರಿಗೂ ಈ ಗೆರೆ ಕಾಣುತ್ತದೆ. ಅದರ ಗುಂಟ ನಡೆದು ನೋಡಿ ಅವರು ಹೇಳಿದ್ದನ್ನೂ ಅದೇ ಎ3 ನಕ್ಷೆಗೆ ಸೇರಿಸಿ. ಗೆರೆ ಮತ್ತು ಮಾದರಿ ಒಂದೇ ಚೌಕಟ್ಟಿನಲ್ಲಿ ಬರುವ ಫೋಟೊಗಳನ್ನು ಅಂದೇ ತೆಗೆದುಬಿಡಿ. ಮರುದಿನ ಬೆಳಿಗ್ಗೆ ಪೌರಕಾರ್ಮಿಕರು ಗುಡಿಸಿದ ಮೇಲೆ ಸುಣ್ಣ ಉಳಿಯುವುದಿಲ್ಲ. ಮೊಳೆಗಳ ತಲೆ ನೆಲದ ಮಟ್ಟಕ್ಕೆ ಇಳಿಯುವಂತೆ ಹೊಡೆಯಿರಿ, ಬರಿಗಾಲಲ್ಲಿ ಓಡಾಡುವ ಬೀದಿ ಅದು.